ವೆಸ್ಟ್ ಸೈಡಿನ ಹುಡುಗರ ಸ್ಕೋರ್‌ಬುಕ್

ಶಿಕಾಗೋದಲ್ಲಿ ನಮ್ಮ ಕನ್ನಡದವರು ಜಾಸ್ತಿ ಇರುವುದು ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಯ ಉಪನಗರಗಳಲ್ಲಿ. ಡೌನ್‌ಟೌನಿಗೆ ಕೆಲಸಕ್ಕೆ ಹೋಗುವಾಗ ಬಹಳಷ್ಟು ಜನ ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇ ಹಿಡಿಯುತ್ತೇವೆ. ಆ ರಸ್ತೆ ಊರಿನ ಪಶ್ಚಿಮ ಭಾಗವನ್ನು ಸೀಳಿಕೊಂಡೇ ಹೋಗುತ್ತದೆ. ಇಲ್ಲಿಯವರ ಬಾಯಲ್ಲಿ ಅದು ವೆಸ್ಟ್ ಸೈಡ್. ಆಸ್ಟಿನ್, ಗಾರ್‌ಫೀಲ್ಡ್ ಪಾರ್ಕ್, ನಾರ್ತ್ ಲಾಂಡೇಲ್ ಎಲ್ಲ ಅದರೊಳಗೇ ಬರುತ್ತವೆ. ವರ್ಷಗಟ್ಟಲೆ ಓಡಾಡಿದರೂ ಅಲ್ಲಿ ಇಳಿದು ನೋಡಿದವರು ನಮ್ಮಲ್ಲಿ ಕಡಿಮೆ. "ಆ ಕಡೆ ಹುಷಾರು" ಅನ್ನುವ ಮಾತು ಬಂದ ಹೊಸದರಲ್ಲೇ ಎಲ್ಲರ ಕಿವಿಗೂ ಬಿದ್ದಿರುತ್ತದೆ. ನನಗೂ ಬಿದ್ದಿತ್ತು.

ಈಗ ಕೆಲವು ಚಳಿಗಾಲಗಳಿಂದ ನಾನು ಅಲ್ಲಿನ ಒಂದು ಸರ್ಕಾರಿ ಹೈಸ್ಕೂಲಿನ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಗಣಿತ ಹೇಳಿಕೊಡುತ್ತಿದ್ದೇನೆ. ಪಂದ್ಯದ ದಿನ ಸ್ಕೋರ್‌ಬುಕ್ ಬರೆಯುತ್ತೇನೆ. ಹೇಗೆ ಸೇರಿಕೊಂಡಿರಿ, ಅಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಶಾಲೆಯ ಹೆಸರನ್ನಾಗಲಿ, ಮಕ್ಕಳ ಹೆಸರನ್ನಾಗಲಿ ಹೇಳುವುದಿಲ್ಲ. ಅವರಿನ್ನೂ ಚಿಕ್ಕವರು.

ಆಫೀಸಿನ ಸಹೋದ್ಯೋಗಿಯೊಬ್ಬರು ಅದೇ ಶಾಲೆಯಲ್ಲಿ ಓದಿ ಅದೇ ತಂಡಕ್ಕೆ ಆಡಿದವರು. ಒಂದು ದಿನ ಊಟದ ಹೊತ್ತಿನಲ್ಲಿ, "ನಮ್ಮ ಕೋಚ್‌ಗೆ ಆಟ ಹೇಳಿಕೊಡುವವರು ಬೇಡ, ಆಲ್‌ಜೀಬ್ರಾ ಹೇಳಿಕೊಡುವವರು ಬೇಕು. ನೀವು ಬರ್ತೀರಾ?" ಎಂದು ಕೇಳಿದರು. ಮೈಸೂರಿನಲ್ಲಿ ಓದುವಾಗ ಅಕ್ಕಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಭ್ಯಾಸ ನನಗಿತ್ತು. ಹೂಂ ಅಂದೆ.

ಹೂಂ ಅಂದ ಕೂಡಲೇ ಒಳಗೆ ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಶಾಲೆಯವರು ಒಪ್ಪಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ನಾನು ಬೆರಳಚ್ಚನ್ನೂ ಕೊಟ್ಟು ಬಂದೆ. ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯಿತು. ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ನನ್ನ ಮಗಳ ಶಾಲೆಗೆ ಯಾರಾದರೂ ಹೊರಗಿನವರು ಬರುವುದಾದರೆ ಇಷ್ಟು ನೋಡಿಯೇ ಬಿಡಲಿ ಅನ್ನುವವಳು ನಾನು.

ಮೊದಲ ದಿನ ಕೋಚ್ ಹೇಳಿದ್ದು ಎರಡೇ ಮಾತು. "ಬರ್ತೀನಿ ಅಂದ ದಿನ ಬನ್ನಿ. ಬರೋಕೆ ಆಗದಿದ್ದರೆ ಮೊದಲೇ ಹೇಳಿ." ಆಮೇಲೆ ಸ್ವಲ್ಪ ತಡೆದು, "ಒಂದು ಸಲ ಬಂದು ಫೋಟೋ ತೆಗೆಸಿಕೊಂಡು ಹೋದವರನ್ನ ಈ ಹುಡುಗರು ಬೇಕಾದಷ್ಟು ನೋಡಿದ್ದಾರೆ" ಎಂದರು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಮಂಗಳವಾರ ಮತ್ತು ಗುರುವಾರ ಬೇರೆ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ನಾವು ಕೂರುವ ಜಾಗಕ್ಕೆ ಸ್ಟಡಿ ಟೇಬಲ್ ಅನ್ನುತ್ತಾರೆ. ಕ್ಲಾಸು ಬಿಟ್ಟ ಮೇಲೆ ಜಿಮ್ಮಿನಲ್ಲಿ ಮೊದಲು ಹುಡುಗಿಯರ ತಂಡದ ಪ್ರಾಕ್ಟೀಸ್. ಆ ಹೊತ್ತಿನಲ್ಲಿ ಹುಡುಗರು ಪಕ್ಕದ ಕೋಣೆಯಲ್ಲಿ ನನ್ನ ಜೊತೆ. ಗೋಡೆಯಾಚೆ ಚೆಂಡು ಬಡಿಯುವ ಸದ್ದು, ಶೂ ಕಿರುಗುಟ್ಟುವ ಸದ್ದು ಕೇಳುತ್ತಲೇ ಇರುತ್ತದೆ. ಈಚೆ ಹದಿನೈದು ಹುಡುಗರ ಕಾಲು ಮೇಜಿನ ಕೆಳಗೆ ಕುಣಿಯುತ್ತಿರುತ್ತದೆ. ಆಡುವ ವಯಸ್ಸಿನ ಮಕ್ಕಳನ್ನು ಅಂಥ ಸದ್ದಿನ ಪಕ್ಕದಲ್ಲಿ ಕೂರಿಸಿ ಸಮೀಕರಣ ಬಿಡಿಸು ಅನ್ನುವುದು ಕಷ್ಟ. ಆದರೂ ಅವರು ಕೂರುತ್ತಾರೆ. ಯಾಕೆಂದರೆ ಕೂರದಿದ್ದರೆ ಆಡುವಂತಿಲ್ಲ.

ಇಲಿನಾಯ್ ಹೈಸ್ಕೂಲ್ ಅಸೋಸಿಯೇಷನ್ನಿನ ನಿಯಮ ಹಾಗಿದೆ. ಆಡುವ ವಿದ್ಯಾರ್ಥಿ ಐದು ಪೂರ್ಣ ವಿಷಯಗಳಷ್ಟು ಓದಿನಲ್ಲಿ ಪಾಸಾಗುತ್ತಿರಬೇಕು. ಇದನ್ನು ವರ್ಷಕ್ಕೊಮ್ಮೆಯಲ್ಲ, ವಾರ ವಾರವೂ ನೋಡುತ್ತಾರೆ. ಈ ವಾರ ಬಿದ್ದರೆ ಮುಂದಿನ ವಾರ ಬೆಂಚು. ಕೋಚ್ ಪ್ರತಿ ವಾರ ಎಲ್ಲರ ಗ್ರೇಡುಗಳನ್ನು ಪ್ರಿಂಟ್ ಮಾಡಿ ತರುತ್ತಾರೆ. ಹೇಗೋ ಪಾಸು ಅನ್ನುವ ಡಿ ಇದ್ದ ಕಡೆ ಹಳದಿ, ಫೇಲು ಅನ್ನುವ ಎಫ್ ಇದ್ದ ಕಡೆ ಗುಲಾಬಿ ಹೈಲೈಟರ್. ಆ ಹಾಳೆ ಬಂದಾಗ ಕೋಣೆ ಒಂದು ನಿಮಿಷ ಪೂರ್ತಿ ಸುಮ್ಮನಾಗುತ್ತದೆ.

ನನಗೆ ಈ ವಾರದ ಹಾಳೆಯ ಮೇಲೆ ಬಹಳ ನಂಬಿಕೆ. ಹದಿನೈದು ವರ್ಷದ ಹುಡುಗನಿಗೆ "ಚೆನ್ನಾಗಿ ಓದು, ಮುಂದೆ ಒಳ್ಳೆಯದಾಗುತ್ತೆ" ಅಂದರೆ ಆ ಮುಂದೆ ಅನ್ನುವುದು ಅವನಿಗೆ ಕಾಣುವುದೇ ಇಲ್ಲ. ಅವನ ಬೀದಿಯಲ್ಲಿ ಹಾಗೆ ಓದಿ ಮೇಲೆ ಬಂದವರು ಕಣ್ಣಿಗೆ ಬಿದ್ದಿರುವುದು ಕಡಿಮೆ. ಬಂದವರು ಬೀದಿ ಬಿಟ್ಟು ಹೋಗಿದ್ದಾರೆ. ಆದರೆ "ಮುಂದಿನ ಶುಕ್ರವಾರ ಆಡಬೇಕು ಅಂದರೆ ಇವತ್ತು ಈ ವರ್ಕ್‌ಶೀಟ್ ಮುಗಿಸು" ಅಂದರೆ ಅವನಿಗೆ ತಕ್ಷಣ ಅರ್ಥವಾಗುತ್ತದೆ. ಶುಕ್ರವಾರ ಅವನಿಗೆ ಕಾಣುತ್ತದೆ. ಬ್ಯಾಸ್ಕೆಟ್‌ಬಾಲ್ ಈ ಬೀದಿಗಳಿಗೆ ಭರವಸೆ ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ದೇಶದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎಯ ಕನಸನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವವರೇ ಹೆಚ್ಚು. ನಾನು ನೋಡಿದ ಭರವಸೆ ಅದಲ್ಲ, ಈ ಶುಕ್ರವಾರದ್ದು.

ಲೆಕ್ಕ ನೋಡಿ. ಅಮೆರಿಕದಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರು ಐದು ಲಕ್ಷಕ್ಕೂ ಹೆಚ್ಚು. ಅವರಲ್ಲಿ, ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಅಡಿಯ ಯಾವುದಾದರೂ ಕಾಲೇಜು ತಂಡಕ್ಕೆ ಆಡುವವರು ನೂರಕ್ಕೆ ಮೂರೋ ನಾಲ್ಕೋ. ಮೇಲಿನ ಹಂತವಾದ ಡಿವಿಷನ್ 1ಕ್ಕೆ ಹೋಗುವವನು ನೂರಕ್ಕೆ ಒಬ್ಬ. ಅಲ್ಲಿಂದ ಎನ್‌ಬಿಎಗೆ ಹೋಗುವವರು ಇನ್ನೂ ಎಷ್ಟೋ ಕಡಿಮೆ. ಹುಡುಗರಿಗೆ ಇದೆಲ್ಲ ಗೊತ್ತಿದೆ. ನಾವು ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೂ ಆಡುತ್ತಾರೆ.

ಸ್ಕೋರ್‌ಬುಕ್ ನನ್ನ ಕೈಗೆ ಬಂದದ್ದು ಆ ಕೆಲಸ ಮಾಡುತ್ತಿದ್ದ ಟೀಚರ್ ಬೇರೆ ಶಾಲೆಗೆ ಹೋದಾಗ. ಹೇಳಿಕೊಟ್ಟವರು ಗಡಿಯಾರ ನೋಡಿಕೊಳ್ಳುವ ತಾತ. ಎಪ್ಪತ್ತು ದಾಟಿದ್ದಾರೆ. ನಾನು ಅವರನ್ನು ಸರ್ ಅನ್ನುತ್ತೇನೆ, ಅವರು ನನ್ನನ್ನು "ಮಿಸ್ ಇಂಡಿಯಾನಾ ಅಲ್ಲ, ಮಿಸ್ ಇಂಡಿಯಾ" ಅಂತ ಎಲ್ಲರಿಗೂ ಪರಿಚಯ ಮಾಡಿಸುತ್ತಾರೆ. ಪೆನ್ಸಿಲ್ ಎರಡು ಇಟ್ಟುಕೋ, ಪೆನ್ನು ಬೇಡ ಅನ್ನುವುದು ಅವರ ಮೊದಲ ಪಾಠ. ಚೆಂಡು ಬುಟ್ಟಿಗೆ ಬಿದ್ದರೆ ಆಟಗಾರನ ಹೆಸರಿನ ಮುಂದೆ 2 ಅಥವಾ 3. ಎದುರಾಳಿಯ ಫೌಲಿಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಅಂದರೆ ಫ್ರೀ ಥ್ರೋ, ಸಿಕ್ಕರೆ ಒಂದು ಸಣ್ಣ ಸೊನ್ನೆ. ಬಿದ್ದರೆ ಸೊನ್ನೆಯನ್ನು ತುಂಬಬೇಕು, ತಪ್ಪಿದರೆ ಖಾಲಿ ಬಿಡಬೇಕು. ಫೌಲಿಗೆ ಪಿ1, ಪಿ2 ಹೀಗೆ. ಪಿ5 ಬಂದ ಕೂಡಲೇ ರೆಫ್ರಿಗೆ ಹೇಳಬೇಕು, ಆ ಹುಡುಗನ ಆಟ ಅಲ್ಲಿಗೆ ಮುಗಿಯಿತು. ಎದುರು ತಂಡದ ಬರಹಗಾರರೂ ಪಕ್ಕದಲ್ಲೇ ಕೂರುತ್ತಾರೆ. ಪ್ರತಿ ಅಂಕಕ್ಕೂ ಇಬ್ಬರೂ ಜೋರಾಗಿ ಹೇಳಿಕೊಂಡು ತಾಳೆ ನೋಡಬೇಕು. ಆತಿಥೇಯ ತಂಡದ ಪುಸ್ತಕವೇ ಅಧಿಕೃತ. ಅಂದರೆ ನಮ್ಮ ಜಿಮ್ಮಿನಲ್ಲಿ ನಾನು ಬರೆದದ್ದೇ ಕೊನೆಯ ಮಾತು. ಎಂಟು ನಿಮಿಷದ ನಾಲ್ಕು ಕ್ವಾರ್ಟರ್ ಮುಗಿಯುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು.

ಹೆಸರು ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಯಾರ ಜರ್ಸಿಯ ಮೇಲೂ 6, 7, 8, 9 ಇಲ್ಲ. ಹೈಸ್ಕೂಲ್ ನಿಯಮದಲ್ಲಿ 0ಯಿಂದ 5ರವರೆಗಿನ ಅಂಕಿಗಳಷ್ಟೇ ಬಳಸಬೇಕು. ರೆಫ್ರಿ ಫೌಲ್ ಮಾಡಿದವನ ನಂಬರನ್ನು ಬೆರಳಿನಲ್ಲಿ ತೋರಿಸಬೇಕಲ್ಲ, ಅದಕ್ಕೆ. ಇರುವ ನಂಬರುಗಳೇ ಕಡಿಮೆ. ಅದರಲ್ಲಿ 25ಕ್ಕೆ ಈ ಊರಿನಲ್ಲಿ ಒಂದು ಬೇರೆ ಗೌರವ ಇದೆ.

ಅದು ಬೆಂಜಿ ವಿಲ್ಸನ್ ಹಾಕಿಕೊಳ್ಳುತ್ತಿದ್ದ ನಂಬರು. ಸೌತ್ ಸೈಡಿನ ಸಿಮಿಯನ್ ಶಾಲೆಯ ಹುಡುಗ. 1984ರಲ್ಲಿ ತಂಡಕ್ಕೆ ರಾಜ್ಯ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಇಡೀ ದೇಶದ ಹೈಸ್ಕೂಲ್ ಆಟಗಾರರಲ್ಲೇ ಮೊದಲಿಗ ಅಂತ ಹೆಸರು ಬಂತು. ಅದೇ ವರ್ಷ ನವೆಂಬರ್ 20ರಂದು, ಅವನ ಕೊನೆಯ ಸೀಸನ್ ಶುರುವಾಗುವ ಹಿಂದಿನ ದಿನ, ಶಾಲೆಯ ಹತ್ತಿರವೇ ಯಾರೋ ಗುಂಡು ಹೊಡೆದರು. ಮರುದಿನ ತೀರಿಕೊಂಡ. ಹದಿನೇಳು ವರ್ಷ. ಮುಂದೆ ಅದೇ ಶಾಲೆಯಲ್ಲಿ, ಎಂಗಲ್‌ವುಡ್ ಬಡಾವಣೆಯ ಡೆರಿಕ್ ರೋಸ್ ಅದೇ 25 ಹಾಕಿಕೊಂಡು 2006 ಮತ್ತು 2007ರಲ್ಲಿ ರಾಜ್ಯ ಪ್ರಶಸ್ತಿ ಗೆದ್ದ. 2011ರಲ್ಲಿ ಶಿಕಾಗೋ ಬುಲ್ಸ್ ಪರ ಆಡುತ್ತಾ ಎನ್‌ಬಿಎಯ ಅತ್ಯುತ್ತಮ ಆಟಗಾರನಾದ. ಆಗ ಅವನಿಗೆ 22. ಆ ಪ್ರಶಸ್ತಿ ಗೆದ್ದವರಲ್ಲೇ ಅತಿ ಚಿಕ್ಕವನು. ನಮ್ಮ ಹುಡುಗರು ಹುಟ್ಟುವ ಎಷ್ಟೋ ವರ್ಷ ಮೊದಲು ಬೆಂಜಿ ಸತ್ತಿದ್ದಾನೆ. ಆದರೂ ಅವನ ಕಥೆ ಪ್ರತಿಯೊಬ್ಬನಿಗೂ ಗೊತ್ತು. ಮನೆಯಲ್ಲಿ ಯಾರೋ ಒಬ್ಬರು ಆ ಶವಯಾತ್ರೆಗೆ ಹೋಗಿದ್ದವರು ಇರುತ್ತಾರೆ.

ಗಡಿಯಾರದ ತಾತನ ಹತ್ತಿರ ಇನ್ನೂ ಹಳೆಯ ಕಥೆಗಳಿವೆ. 1954ರಲ್ಲಿ ಡುಸೇಬಲ್ ಶಾಲೆಯ ತಂಡ ರಾಜ್ಯ ಫೈನಲ್ ಮುಟ್ಟಿತು. ಕಪ್ಪು ಹುಡುಗರೇ ಇದ್ದ ತಂಡವೊಂದು ಇಲಿನಾಯ್‌ನಲ್ಲಿ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಅವತ್ತು ಮೌಂಟ್ ವರ್ನನ್ ಎದುರು ಸೋತರು. ನಾಲ್ಕು ವರ್ಷ ಕಳೆದು, 1958ರಲ್ಲಿ, ವೆಸ್ಟ್ ಸೈಡಿನ ಮಾರ್ಷಲ್ ಶಾಲೆ ಕಪ್ ಗೆದ್ದೇ ಬಿಟ್ಟಿತು. ತಾತ ಆಗ ಸಣ್ಣ ಹುಡುಗ. ಅವತ್ತು ರಾತ್ರಿ ಬೀದಿಯಲ್ಲಿ ಹಾರ್ನ್ ಹೊಡೆದುಕೊಂಡು ಕಾರುಗಳು ಓಡಾಡಿದ್ದು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದು ಇನ್ನೂ ನೆನಪಿದೆಯಂತೆ.

ಆ ಅಪ್ಪ ಶಿಕಾಗೋ ಪಕ್ಕದ ಊರಾದ ಸಿಸರೋದ ಹಾಥಾರ್ನ್ ವರ್ಕ್ಸ್ ಕಾರ್ಖಾನೆಯಲ್ಲಿದ್ದವರು. ಟೆಲಿಫೋನ್ ಉಪಕರಣ ಮಾಡುವ ಜಾಗ. ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ನಾರ್ತ್ ಲಾಂಡೇಲ್‌ನಲ್ಲಿ ದೊಡ್ಡ ಅಂಗಡಿಗಳ ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ ಇತ್ತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಮ್ಯಾಡಿಸನ್ ಸ್ಟ್ರೀಟಿನ ಅಂಗಡಿಸಾಲು ಹೊತ್ತಿ ಉರಿಯಿತು, ಎಷ್ಟೋ ಅಂಗಡಿಗಳು ಮತ್ತೆ ಏಳಲೇ ಇಲ್ಲ. 1973ರಲ್ಲಿ ಸಿಯರ್ಸ್ ಡೌನ್‌ಟೌನಿನ ಗೋಪುರಕ್ಕೆ ಹೋಯಿತು. 1983ರಲ್ಲಿ ಹಾಥಾರ್ನ್ ಮುಚ್ಚಿತು. ಬಡತನ ಈ ಬೀದಿಗಳಿಗೆ ತಾನಾಗಿ ಬಂದು ಕೂತಿದ್ದಲ್ಲ. ಕೆಲಸಗಳು ಒಂದೊಂದಾಗಿ ಎದ್ದು ಹೋದವು. ಹಿಂದೆಯೇ ಜನ ಹೋದರು. 2013ರಲ್ಲಿ ಮಕ್ಕಳು ಕಡಿಮೆ ಅಂತ ನಗರದವರು 50ರಷ್ಟು ಶಾಲೆಗಳನ್ನು ಒಟ್ಟಿಗೇ ಮುಚ್ಚಿದರು. ಬಹುಪಾಲು ಇಂಥ ಬಡಾವಣೆಗಳವೇ. ಇಷ್ಟೆಲ್ಲ ಹೋದ ಮೇಲೆ ಸಂಜೆ ದೀಪ ಹಚ್ಚಿಕೊಂಡು ತೆರೆದಿರುವ ದೊಡ್ಡ ಜಾಗ ಅಂದರೆ ಶಾಲೆಯ ಜಿಮ್ಮೇ. ಇದನ್ನು ತಿಳಿಯದೆ ಆ ಜಿಮ್ಮಿಗೆ ಜನ ಯಾಕೆ ಅಷ್ಟು ಅಂಟಿಕೊಂಡಿದ್ದಾರೆ ಅನ್ನುವುದು ಅರ್ಥವಾಗುವುದಿಲ್ಲ.

ಹುಡುಗಿಯರ ಮಾತನ್ನೂ ಹೇಳಲೇಬೇಕು. ಅದೇ ಮಾರ್ಷಲ್ ಶಾಲೆಯಲ್ಲಿ ಡೊರೊಥಿ ಗೇಟರ್ಸ್ ಅನ್ನುವ ಕೋಚ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹುಡುಗಿಯರ ತಂಡ ಕಟ್ಟಿದರು. 1100ಕ್ಕೂ ಹೆಚ್ಚು ಪಂದ್ಯ ಗೆದ್ದರು. ಆಮೇಲೆ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎಯಲ್ಲಿ ಹೆಸರು ಮಾಡಿದ ಕ್ಯಾಪಿ ಪಾಂಡೆಕ್ಸ್‌ಟರ್ ಅವರ ಕೈಯಲ್ಲಿ ಬೆಳೆದವಳು. ವೆಸ್ಟ್ ಸೈಡಿನಲ್ಲಿ ಗೇಟರ್ಸ್ ಹೆಸರು ಹೇಳಿದರೆ ಈಗಲೂ ಗಂಡಸರು ಟೋಪಿ ತೆಗೆಯುತ್ತಾರೆ. ಪತ್ರಿಕೆಯವರು ಮಾತ್ರ ಭರವಸೆಯ ಕಥೆ ಬರೆಯಲು ಬಂದಾಗ ಹುಡುಗರನ್ನೇ ಹುಡುಕುತ್ತಾರೆ.

ಈಗ ನಮ್ಮ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ಜೊತೆ ನಾನು ಹಾದು ಬಂದದ್ದೇ ಈ ಎಲ್ಲ ವರ್ಷಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು. ಅವನ ಪ್ರೈಮರಿ ಶಾಲೆ 2013ರಲ್ಲಿ ಮುಚ್ಚಿದ್ದರಲ್ಲಿ ಒಂದು. ಆಗ ಆರು ವರ್ಷ. ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಆಟ ಚೆನ್ನಾಗಿತ್ತು. ನಾಲ್ಕು ವರ್ಷದ ಹೈಸ್ಕೂಲಿನ ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಕಾಲೇಜುಗಳಿಂದ ಪತ್ರ, ಫೋನು ಬರಲು ಶುರುವಾಗಿತ್ತು. ಅಜ್ಜಿ ಆ ಪತ್ರಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು.

ಕಾಲೇಜಿನಲ್ಲಿ ಆಡಬೇಕಾದರೆ ಆಟ ಒಂದೇ ಸಾಲದು. ಎನ್‌ಸಿಎಎ 16 ಕೋರ್ ಕೋರ್ಸ್ ಕೇಳುತ್ತದೆ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಇತ್ಯಾದಿ. ಡಿವಿಷನ್ 1 ಆದರೆ ಅವುಗಳಲ್ಲಿ ನಾಲ್ಕಕ್ಕೆ 2.3 ಸರಾಸರಿ, ಡಿವಿಷನ್ 2 ಆದರೆ 2.2. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಅಂಕ ಬೇಕಿಲ್ಲ, 2023ರಲ್ಲಿ ಅದನ್ನು ತೆಗೆದರು. ಆದರೆ ಡಿವಿಷನ್ 1ಕ್ಕೆ ಇನ್ನೊಂದು ಕಟ್ಟುಪಾಡು ಇದೆ. ಕೊನೆಯ ವರ್ಷ ಶುರುವಾಗುವ ಮೊದಲೇ 16ರಲ್ಲಿ 10 ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ ಮತ್ತು ವಿಜ್ಞಾನದ್ದಾಗಿರಬೇಕು. ಆಮೇಲೆ ಹೋಗಿ ಸರಿಮಾಡಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಮತ್ತೊಂದು ಮಾತು. ಪ್ರತಿ ಶಾಲೆಗೂ ಎನ್‌ಸಿಎಎ ಒಪ್ಪಿದ ಕೋರ್ಸುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಎಷ್ಟು ಚೆನ್ನಾಗಿ ಪಾಸಾಗಿದ್ದರೂ ಲೆಕ್ಕಕ್ಕಿಲ್ಲ.

ಮೂರನೇ ವರ್ಷದ ಏಪ್ರಿಲ್‌ನಲ್ಲಿ ನಾನೂ ಅವನೂ ಅವನ ಅಂಕಪಟ್ಟಿಯನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದೇ ಗೆರೆ ಎಳೆಯುತ್ತಾ ಬಂದೆವು. ಒಂಬತ್ತನೇ ತರಗತಿಯಲ್ಲಿ ಅವನು ಬೇರೆ ಶಾಲೆಯಲ್ಲಿದ್ದ. ಅಲ್ಲಿ ಆಲ್‌ಜೀಬ್ರಾ ಅರ್ಧ ವರ್ಷ, ಇಂಗ್ಲಿಷ್ ಅರ್ಧ ವರ್ಷ ಫೇಲಾಗಿದ್ದವು. ಆ ಶಾಲೆಯವರು ಕಂಪ್ಯೂಟರಿನ ಮುಂದೆ ಕೂರಿಸಿ ಕೆಲವೇ ವಾರದಲ್ಲಿ ಮುಗಿಸುವ ಕ್ರೆಡಿಟ್ ರಿಕವರಿ ಕೋರ್ಸಿನಲ್ಲಿ ಎರಡನ್ನೂ ಪಾಸು ಮಾಡಿಸಿದ್ದರು. ಹೈಸ್ಕೂಲ್ ಮುಗಿಸಲು ಅದು ಸಾಕು. ಎನ್‌ಸಿಎಎ ಒಪ್ಪುವ ಪಟ್ಟಿಯಲ್ಲಿ ಅದು ಇರಲಿಲ್ಲ. ಜೂನ್ ಹೊತ್ತಿಗೆ ಅವನ ಹತ್ತಿರ 9 ಇರುತ್ತಿತ್ತು, 10 ಅಲ್ಲ. ಏಳರ ಜಾಗದಲ್ಲಿ ಆರು.

ನನಗೆ ಎದೆ ಧಸಕ್ಕೆಂದಿತು. ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ತಾನೇ ಎಣಿಸಿದ. "ಮಿಸ್, ನಾನು ಪಾಸಾಗಿದ್ದೆ" ಅಂದ. ಅಷ್ಟೇ. ಹದಿನಾಲ್ಕು ವರ್ಷದ ಹುಡುಗನಿಗೂ ಅವನ ಅಜ್ಜಿಗೂ ಯಾರೂ ಈ ಪಟ್ಟಿಯ ಬಗ್ಗೆ ಹೇಳಿರಲಿಲ್ಲ. ಉಪನಗರದ ಶಾಲೆಗಳಲ್ಲಿ ಅಪ್ಪ ಅಮ್ಮಂದಿರು ಇದನ್ನೆಲ್ಲ ಎಂಟನೇ ತರಗತಿಯಲ್ಲೇ ಎಕ್ಸೆಲ್ ಶೀಟಿನಲ್ಲಿ ಹಾಕಿಟ್ಟಿರುತ್ತಾರೆ. ನಾನೂ ಅಂಥ ತಾಯಿಯೇ. ಅವನ ಕಡೆಯಿಂದ ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ದಾರಿ ಒಂದೇ ಇತ್ತು. ಬೇಸಿಗೆ ಶಾಲೆ. ಅರ್ಧ ಆಲ್‌ಜೀಬ್ರಾ, ಅರ್ಧ ಇಂಗ್ಲಿಷ್, ಎರಡನ್ನೂ ಪಟ್ಟಿಯಲ್ಲಿರುವ ಕೋರ್ಸಾಗಿ, ಟೀಚರ್ ಮುಂದೆ ಕೂತು ಮುಗಿಸಬೇಕು. ತೊಂದರೆ ಏನಂದರೆ, ಕಾಲೇಜು ಕೋಚ್‌ಗಳು ಶಾಲೆಯ ಹೊರಗಿನ ಕ್ಲಬ್ ತಂಡಗಳ ಪಂದ್ಯಾವಳಿಗೆ ಬಂದು ಹುಡುಗರನ್ನು ನೋಡುವುದೂ ಜುಲೈನಲ್ಲೇ. ಅವನ ಕ್ಲಬ್ ತಂಡ ಆ ತಿಂಗಳು ಬೇರೆ ರಾಜ್ಯಗಳಿಗೆ ಹೊರಟಿತ್ತು. ಬೇಸಿಗೆ ಶಾಲೆಯಲ್ಲಿ ಕೆಲವು ದಿನ ತಪ್ಪಿಸಿದರೆ ಕೋರ್ಸಿನಿಂದಲೇ ತೆಗೆಯುತ್ತಾರೆ. ಕ್ಲಬ್ಬಿನವರು, "ಜುಲೈನಲ್ಲಿ ಕಾಣಿಸದಿದ್ದರೆ ನಿನ್ನನ್ನು ಮರೆತು ಬಿಡ್ತಾರೆ" ಅಂದರು. ಅದು ಸುಳ್ಳೂ ಅಲ್ಲ.

ನಾನೂ ಕೋಚೂ ಅಜ್ಜಿಯ ಮನೆಗೆ ಹೋದೆವು. ಆಕೆ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಚಿಕ್ಕವರಿದ್ದಾಗ ತಂದೆ ತಾಯಿಯ ಜೊತೆ ರೈಲಿನಲ್ಲಿ ಶಿಕಾಗೋಕ್ಕೆ ಬಂದವರು. ಅಡುಗೆಮನೆಯ ಮೇಜಿನ ಮೇಲೆ ಊಟ ಇಟ್ಟಿದ್ದರು. ಕಾಲರ್ಡ್ ಗ್ರೀನ್ಸ್ ಅನ್ನುವ ಸೊಪ್ಪಿನ ಪಲ್ಯ, ಜೋಳದ ಬ್ರೆಡ್ಡು. ಸೊಪ್ಪಿಗೆ ಹೊಗೆಯಾಡಿಸಿದ ಟರ್ಕಿ ಮಾಂಸ ಹಾಕಿರುತ್ತಾರೆ. ನಾನು ಸಸ್ಯಾಹಾರಿ ಅಂತ ಗೊತ್ತಾದಾಗ ಅವರ ಮುಖ ಸಣ್ಣದಾಯಿತು. ಮುಂದಿನ ಸಲ ಹೋದಾಗ ನನಗೆಂದೇ ಬೇರೆ ಪಾತ್ರೆಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಬೇಯಿಸಿಟ್ಟಿದ್ದರು. ನಮ್ಮಮ್ಮನ ಬಸಳೆ ಪಲ್ಯದ ಹತ್ತಿರವೇ ಬರುತ್ತಿತ್ತು ರುಚಿ.

ನಾವು ಎಲ್ಲವನ್ನೂ ಬಿಡಿಸಿ ಹೇಳಿದೆವು. ಅಜ್ಜಿ ಮೊಮ್ಮಗನನ್ನು ಕೇಳಿದರು. "ನಿನಗೆ ಏನು ಬೇಕು?" ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡೂ" ಅಂದ. ಅಜ್ಜಿ ನನ್ನ ಕಡೆ ತಿರುಗಿ, "ಮಗಳೇ, ಪಂದ್ಯ ಮತ್ತೆ ಬರುತ್ತೆ. ಈ ಕಾಗದ ಮತ್ತೆ ಬರುತ್ತಾ?" ಎಂದರು. ಇಲ್ಲ ಅಂದೆ. ಅಲ್ಲಿಗೆ ತೀರ್ಮಾನ ಆಯಿತು.

ಆ ಜುಲೈ ಅವನಿಗೆ ಬಹಳ ಕಷ್ಟದ್ದು. ಜೊತೆಯ ಹುಡುಗರು ಫೋನಿನಲ್ಲಿ ಪಂದ್ಯದ ವಿಡಿಯೋ ಕಳಿಸುತ್ತಿದ್ದರು. ಇವನು ಕ್ವಾಡ್ರಾಟಿಕ್ ಸಮೀಕರಣ ಬಿಡಿಸುತ್ತಾ ಕೂತಿರುತ್ತಿದ್ದ. ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದ. ಫ್ಯಾಕ್ಟರ್ ಮಾಡುವುದು ಬೇಗ ಹಿಡಿಸಿತು. ಋಣ ಚಿಹ್ನೆ ಬಂದರೆ ಎಡವುತ್ತಿದ್ದ. ನಾವು ಋಣ ಚಿಹ್ನೆ ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುವ ಅಭ್ಯಾಸ ಮಾಡಿದೆವು. ಕೊನೆಯ ಪರೀಕ್ಷೆಯ ಉತ್ತರ ಪತ್ರಿಕೆ ನೋಡಿದೆ, ತುಂಬ ಕೆಂಪು ಸುತ್ತುಗಳು. ಬಿ ಬಂದಿತ್ತು. ಇಂಗ್ಲಿಷಿನಲ್ಲಿ ಸಿ. ಹತ್ತಾಯಿತು. ಏಳೂ ಆಯಿತು.

ಕೊನೆಯ ವರ್ಷದ ಚಳಿಗಾಲದಲ್ಲಿ ತಂಡದ ಇನ್ನೊಬ್ಬ ಹುಡುಗನ ಅಣ್ಣನಿಗೆ ಗುಂಡೇಟು ಬಿತ್ತು. ಬದುಕಲಿಲ್ಲ. ಶನಿವಾರ ರಾತ್ರಿ ನಡೆದದ್ದು. ಭಾನುವಾರ ಬೆಳಿಗ್ಗೆ ಕೋಚ್ ಜಿಮ್ಮಿನ ಬಾಗಿಲು ತೆಗೆದು ಎಲ್ಲರಿಗೂ ಮೆಸೇಜ್ ಹಾಕಿದರು, ಪ್ರಾಕ್ಟೀಸ್ ಇಲ್ಲ, ಬರಬೇಕು ಅನಿಸಿದವರು ಬನ್ನಿ ಅಂತ. ಎಲ್ಲರೂ ಬಂದರು. ಅಣ್ಣನನ್ನು ಕಳೆದುಕೊಂಡವನೂ ಬಂದ. ಯಾರೂ ಸಮಾಧಾನದ ಮಾತು ಆಡಲಿಲ್ಲ. ಸಾಲಾಗಿ ನಿಂತು ಫ್ರೀ ಥ್ರೋ ಹಾಕಿದರು, ಒಬ್ಬರಾದ ಮೇಲೆ ಒಬ್ಬರು, ಸುಮಾರು ಹೊತ್ತು. ಅವನ ಸರದಿ ಬಂದಾಗಲೆಲ್ಲ ಚೆಂಡು ಎತ್ತಿ ಕೊಡಲು ಇಬ್ಬರು ಮೂವರು ಓಡುತ್ತಿದ್ದರು. ಹುಡುಗಿಯರ ತಂಡದವರು ಪಿಜ್ಜಾ ತರಿಸಿದರು. ಮಧ್ಯಾಹ್ನ ಕೋಚ್ ಎಂದಿನಂತೆ ಪ್ರತಿಯೊಬ್ಬನನ್ನೂ, "ಮನೆಗೆ ಹೇಗೆ ಹೋಗ್ತೀಯ? ಯಾರ ಜೊತೆ?" ಅಂತ ಕೇಳಿ ಬರೆದುಕೊಂಡರು. ಈ ಪ್ರಶ್ನೆ ಅವರು ಪ್ರತಿ ದಿನ ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ತಮ್ಮ ಕಾರಿನಲ್ಲೇ ಬಿಟ್ಟು ಬರುತ್ತಾರೆ.

ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ, "ಅಲ್ಲಿಗೆ ಹೋಗಲೇಬೇಕಾ?" ಅಂತ ಕೇಳುತ್ತಿದ್ದರು. ನಾನು ಹೋಗುವುದು ವಾರಕ್ಕೆ ಕೆಲವು ಗಂಟೆ, ಅದೂ ಕಾರಿನಲ್ಲಿ. ಆ ಮಕ್ಕಳು ದಿನವೂ ನಡೆದುಕೊಂಡು ಬರುತ್ತಾರೆ. ಅಮ್ಮನಿಗೆ ಅದನ್ನೇ ಹೇಳಿದೆ.

ಕಾಲೇಜಿನ ವಿಷಯಕ್ಕೆ ಬಂದರೆ, ಕ್ಲಬ್ಬಿನವರು ಹೇಳಿದ್ದು ಅರ್ಧ ನಿಜವಾಯಿತು. ಡಿವಿಷನ್ 1 ಕಡೆಯ ಫೋನುಗಳು ನಿಂತವು. ಜುಲೈ ಒಂದೇ ಕಾರಣ ಅಲ್ಲ. 2021ರಿಂದ ಕಾಲೇಜು ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ಕಾಲೇಜಿಗೆ ಹೋಗಬಹುದು. ಹಾಗಾಗಿ ಕೋಚ್‌ಗಳು ಹದಿನೆಂಟರ ಹುಡುಗನಿಗಿಂತ ಆಡಿ ಪಳಗಿದ ಇಪ್ಪತ್ತೊಂದರವನನ್ನೇ ಕರೆಯುತ್ತಾರೆ. ಒಂದು ತಂಡಕ್ಕೆ ಆಗ ಇದ್ದದ್ದೇ 13 ಸ್ಕಾಲರ್‌ಶಿಪ್. ಹೈಸ್ಕೂಲಿನಿಂದ ನೇರ ಬರುವವರಿಗೆ ಜಾಗ ಕಿರಿದಾಗುತ್ತಿದೆ. ಫೆಬ್ರುವರಿಯಲ್ಲಿ ಪಕ್ಕದ ರಾಜ್ಯದ ಒಂದು ಸಣ್ಣ ಡಿವಿಷನ್ 2 ಕಾಲೇಜಿನ ಕೋಚ್ ನಮ್ಮ ಪಂದ್ಯ ನೋಡಲು ಬಂದರು. ಅವರು ಮೊದಲು ಕೇಳಿದ್ದು ಅಂಕಪಟ್ಟಿ. ನಾವು ಕೊಟ್ಟೆವು. ಕೋರ್ ಎಲ್ಲ ಸರಿ ಇದೆ ಅಂತ ನೋಡಿ ತಲೆಯಾಡಿಸಿದರು.

ಡಿವಿಷನ್ 2ರಲ್ಲಿ ಸ್ಕಾಲರ್‌ಶಿಪ್ಪನ್ನು ಹಲವರಿಗೆ ಹಂಚುತ್ತಾರೆ. ಇವನಿಗೆ ಒಂದು ಪಾಲು ಸಿಕ್ಕಿತು. ಉಳಿದದ್ದಕ್ಕೆ ಎಫ್‌ಎಎಫ್‌ಎಸ್‌ಎ ಅನ್ನುವ ಕೇಂದ್ರ ಸರ್ಕಾರದ ಹಣಸಹಾಯದ ಅರ್ಜಿ ತುಂಬಬೇಕು. ಇಲಿನಾಯ್‌ನಲ್ಲಿ ಅದನ್ನು ತುಂಬದೆ, ಅಥವಾ ಬೇಡ ಅಂತ ಬರೆದುಕೊಡದೆ, ಹೈಸ್ಕೂಲ್ ಸರ್ಟಿಫಿಕೇಟೇ ಕೊಡುವುದಿಲ್ಲ. ಅದರಲ್ಲಿ ತಂದೆ ತಾಯಿಯ ಆದಾಯ ಕೇಳುತ್ತಾರೆ. ಸಾಕಿದ ಅಜ್ಜಿಯನ್ನು ತಾಯಿಯ ಜಾಗದಲ್ಲಿ ಬರೆಯುವ ಹಾಗಿಲ್ಲ. ಎಷ್ಟೋ ಮಕ್ಕಳು ಇಲ್ಲೇ ನಿಂತು ಬಿಡುತ್ತಾರೆ. ಆದರೆ ಕೋರ್ಟು ಪೋಷಕತ್ವ ಕೊಟ್ಟಿದ್ದರೆ ಹುಡುಗನನ್ನು ಸ್ವತಂತ್ರ ಅಂತ ಲೆಕ್ಕ ಹಾಕುತ್ತಾರೆ, ತಂದೆ ತಾಯಿಯ ವಿವರ ಬೇಡ. ಅಂಥ ಕಾಗದ ಏನಾದರೂ ಇದೆಯಾ ಅಂತ ಅಜ್ಜಿಯನ್ನು ಕೇಳಿದೆ. ಒಳಗೆ ಹೋಗಿ ಬಟರ್ ಕುಕೀಸಿನ ನೀಲಿ ಡಬ್ಬ ತಂದರು. ಮೇಲೆ ಸೂಜಿ ದಾರ. ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೋರ್ಟಿನ ಆದೇಶ, ಅವನಿಗೆ ಎರಡು ವರ್ಷವಿದ್ದಾಗಿನದು. ಮಡಿಕೆ ಬಿದ್ದ ಕಡೆ ಸವೆದಿತ್ತು. ಮೊಹರು ಸ್ಪಷ್ಟವಾಗಿತ್ತು. ಅದನ್ನು ಸ್ಕ್ಯಾನ್ ಮಾಡಿ ಕಳಿಸಿದೆವು. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಸಿಗುವ, ತೀರಿಸಬೇಕಿಲ್ಲದ ಪೆಲ್ ಗ್ರಾಂಟ್ ಪೂರ್ತಿ ಬಂತು, ವರ್ಷಕ್ಕೆ 7,395 ಡಾಲರ್. ಸಾಲ ತೀರಾ ಕಡಿಮೆಗೆ ಇಳಿಯಿತು.

2025ರ ಆಗಸ್ಟಿನಲ್ಲಿ ಅವನು ಹೊರಟ. ನಾನು ಇವನ ಕಥೆಯನ್ನೇ ಇಷ್ಟುದ್ದ ಹೇಳಿದೆ. ಆದರೆ ಅದೇ ತಂಡದಲ್ಲಿ ಒಂದು ಪಂದ್ಯದಲ್ಲೂ ಎರಡು ನಿಮಿಷಕ್ಕಿಂತ ಜಾಸ್ತಿ ಆಡದ ಹುಡುಗನೊಬ್ಬನಿದ್ದ. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಮಾನ್ಯವಾಗಿ ಏನೂ ಇರುತ್ತಿರಲಿಲ್ಲ. ಪ್ರಾಕ್ಟೀಸ್ ಒಂದೂ ತಪ್ಪಿಸುತ್ತಿರಲಿಲ್ಲ. ಸ್ಟಡಿ ಟೇಬಲ್ಲಿಗೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುತ್ತಿದ್ದ. ಚಿಕ್ಕ ಹುಡುಗರ ಹಾಳೆಯಲ್ಲಿ ಹಳದಿ ಗುಲಾಬಿ ನೋಡಿ ಅವರ ಪಕ್ಕ ಕೂರುತ್ತಿದ್ದ. ಎಲೆಕ್ಟ್ರಿಷಿಯನ್ನರ ಸಂಘವಾದ ಐಬಿಇಡಬ್ಲ್ಯೂ ಲೋಕಲ್ 134ರ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕಿದ. ಅದರ ಪ್ರವೇಶ ಪರೀಕ್ಷೆಯಲ್ಲಿ ಇರುವುದು ಎರಡೇ ಭಾಗ, ಆಲ್‌ಜೀಬ್ರಾ ಮತ್ತು ಓದಿ ಅರ್ಥಮಾಡಿಕೊಳ್ಳುವುದು. ನಾವಿಬ್ಬರೂ ಸೇರಿ ತಯಾರಿ ಮಾಡಿದೆವು. ಪಾಸಾದ. ಈಗ ಕಲಿಯುತ್ತಾ ಸಂಬಳ ತರುತ್ತಿದ್ದಾನೆ. ಮೊನ್ನೆ ಕೆಲಸದ ಬೂಟು ಹಾಕಿಕೊಂಡೇ ಜಿಮ್ಮಿಗೆ ಬಂದಿದ್ದ. ಹೊಸ ಹುಡುಗರು ಅವನ ಸುತ್ತ ನಿಂತು ಸಂಬಳ ಎಷ್ಟು ಅಂತ ಕೇಳುತ್ತಿದ್ದರು. ಅವನು ಮುಚ್ಚುಮರೆಯಿಲ್ಲದೆ ಹೇಳಿದ.

ಒಂದು ಆಟದ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲ ಅಂತ ನನಗೆ ಗೊತ್ತು. ಕೌನ್ಸೆಲರ್ ಸರಿಯಾಗಿ ನೋಡಿಕೊಂಡಿದ್ದರೆ, ಕೆಲಸಗಳು ಹತ್ತಿರದಲ್ಲಿದ್ದಿದ್ದರೆ, ಶಾಲೆಗಳು ಮುಚ್ಚದಿದ್ದರೆ, ಕೋಚ್ ಬರೀ ಆಟ ಹೇಳಿಕೊಟ್ಟು ಮನೆಗೆ ಹೋಗಬಹುದಿತ್ತು. ಅದು ಆಗುವವರೆಗೆ ಈ ಕೋಣೆ ತೆರೆದಿರಬೇಕು.

ಈ ಸಲ ಒಂಬತ್ತನೇ ತರಗತಿಯಿಂದ ಐದು ಹೊಸ ಹುಡುಗರು ಬಂದಿದ್ದಾರೆ. ಈಗ ನಾವು ಎನ್‌ಸಿಎಎ ಪಟ್ಟಿಯನ್ನು ಮೊದಲ ವಾರವೇ ಪ್ರತಿಯೊಬ್ಬನ ಫೈಲಿನಲ್ಲಿ ಹಾಕಿಡುತ್ತೇವೆ, ಕಾಲೇಜಿನಲ್ಲಿ ಆಡಲಿ, ಆಡದಿರಲಿ. ಗಣಿತಕ್ಕೆ ನಾನಿದ್ದೇನೆ, ಇಂಗ್ಲಿಷಿಗೆ ನಿವೃತ್ತ ಟೀಚರ್ ಒಬ್ಬರು ಸಿಕ್ಕಿದ್ದಾರೆ. ಕೆಮಿಸ್ಟ್ರಿಗೆ ಯಾರೂ ಇಲ್ಲ. ಶಿಕಾಗೋ ಕಡೆ ಇರುವ ನಿಮ್ಮಲ್ಲಿ ಯಾರಿಗಾದರೂ ವಾರಕ್ಕೊಂದು ಸಂಜೆ ಕೊಡಲು ಆದರೆ ನಿಮ್ಮ ಹತ್ತಿರದ ಶಾಲೆಯ ಕೋಚ್‌ಗೆ ನೇರವಾಗಿ ಫೋನ್ ಮಾಡಿ ಕೇಳಿ. ಪ್ರಾಕ್ಟೀಸ್ ಶುರುವಾಗುವುದು ನವೆಂಬರಿನಲ್ಲಿ. ಬೆರಳಚ್ಚು, ತಪಾಸಣೆಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಅರ್ಜಿಯನ್ನು ಸೆಪ್ಟೆಂಬರಿನಲ್ಲೇ ಹಾಕಿ.